ತರ್ಫಾ ಕೇಳಿದ ಹೆಸರು

ಕೆಂಪು ದಿಬ್ಬದ ಆಚೆ ಹೋಗಬೇಡ ಎಂದು ಕುರಿಗಾಹಿ ದಹ್ಹಾಮ್ ಹೇಳಿದಾಗ ಮಿಷಾರಿ ಕೈಯಲ್ಲಿದ್ದ ಕಾಫಿ ಚೆಲ್ಲುವಷ್ಟು ನಕ್ಕ.

ಆ ಸಲ ಚಳಿಗೆ ಮೊದಲೇ ಗುಡುಗಿ ಮಳೆಯಾಗಿತ್ತು. ಮರಳುನೆಲ ಬಿರಿದಲ್ಲೆಲ್ಲ ಫಗಾ ಸಿಗುತ್ತಿತ್ತು, ಮಣ್ಣಿನೊಳಗೆ ಆಲೂಗಡ್ಡೆಯಂತೆ ಊದಿಕೊಳ್ಳುವ ಅಣಬೆ. ಜನ ಡೇರೆ ಹೊಡೆದು, ಅಗೆದು, ತುಪ್ಪದಲ್ಲಿ ಹುರಿದು ತಿನ್ನುತ್ತಿದ್ದರು. ರಿಯಾದಿನಲ್ಲೇ ಬೆಳೆದ ಮಿಷಾರಿ ತಿನ್ನಲು ಬಂದವನಲ್ಲ. ಅವನ ತಾಯಿ ಹದ್ಬಾಳ ಕಣ್ಣು ಮಂಜಾಗಿತ್ತು, ಆಪರೇಷನ್ ಆದರೂ ತಿಳಿಯಾಗಿರಲಿಲ್ಲ. ಫಗಾದ ರಸ ಬಿಟ್ಟರೆ ವಾಸಿಯಾಗುತ್ತದೆಂದು ಆಕೆ ಹಟ ಹಿಡಿದಿದ್ದಳು. ಅವನಿಗೆ ಇಂಥದ್ದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ತಾಯಿಯೆಂದರೆ ಮಾತ್ರ ಪ್ರಾಣ.

ಡೇರೆಯೊಳಗಿದ್ದ ಅವನ ತಾಯಿ ಕೇಳಿ ಹೆದರಬಾರದೆಂದು ದಹ್ಹಾಮ್ ದನಿ ತಗ್ಗಿಸಿದ. ದಿಬ್ಬದ ಆಚೆ ಕುರುಡಿ ತರ್ಫಾ ಇದ್ದಾಳೆ, ಮಾಟ ಮಾಡುವವಳು ಎಂದ.

"ಹೋದ್ರೂ ಹೋಗು ತಮ್ಮಾ, ತಾಯಿ ಹೆಸರು ಮಾತ್ರ ಹೇಳ್ಬೇಡ. ಮಾಟಕ್ಕೆ ಅಪ್ಪನ ಹೆಸರು ಬೇಕಿಲ್ಲ. ಯಾರ ಹೊಟ್ಟೇಲಿ ಹುಟ್ಟಿದ್ದು ಅಂತ ಗೊತ್ತಾದ್ರೆ ಸಾಕು."

"ಹೆತ್ತವಳ ಹೆಸರು ಹೇಳೋಕೆ ನಿಮ್ಮ ಗಂಡಸರಿಗೆ ನಾಚಿಕೆ ಮಾವ. ಅದಕ್ಕೆ ಮಾಟದ ನೆಪ ಬೇರೆ," ಎಂದು ಮಿಷಾರಿ ಚೀಲ ಹೆಗಲಿಗೇರಿಸಿದ. ಪೇಟೆಯ ಧೈರ್ಯವೇ ಹಾಗೆ, ಬಿಸಿಲಿರುವಾಗ ಬಹಳ ಇರುತ್ತದೆ.

ದಿಬ್ಬ ಇಳಿಯುತ್ತಿದ್ದಂತೆ ಗಾಳಿ ನಿಂತಿತು. ಡೇರೆಗಳ ಗದ್ದಲ ಕೇಳಿಸದಾಯಿತು. ಎಕ್ಕದ ಪೊದೆಗಳ ನಡುವೆ ಒಂದು ಕರಿಯ ಗುಡಾರ, ಸುಟ್ಟ ಇಂಗಿನ ವಾಸನೆ, ಅದರಡಿಯಲ್ಲಿ ಹಳಸಿದ ಕೊಬ್ಬಿನ ಕಮಟು. ನೆಲವೆಲ್ಲ ಬಿರಿದಿತ್ತು. ಒಂದೊಂದು ಬಿರುಕಿನಡಿಯೂ ಮುಷ್ಟಿಗಾತ್ರದ ಫಗಾ ಇತ್ತು. ಅವನು ಮಂಡಿಯೂರಿ ಅಗೆಯತೊಡಗಿದ.

"ಯಾರ ಮಗ?" ಬೆನ್ನ ಹಿಂದೆಯೇ ಕೇಳಿತು.

ಮುದುಕಿಯ ಕಣ್ಣುಗಳಿರಬೇಕಾದಲ್ಲಿ ಬಿಳಿಯ ಗಾಯದ ಕಲೆಗಳಿದ್ದವು. ಮಿಷಾರಿ ಬೇಕೆಂದೇ ಗಟ್ಟಿಯಾಗಿ ಹೇಳಿದ. "ಹದ್ಬಾಳ ಮಗ, ಅಜ್ಜಿ. ಇಲ್ಲಿಂದ ಮದುವೆಯಾಗಿ ರಿಯಾದಿಗೆ ಹೋದ ಹದ್ಬಾ. ಅವಳ ಕಣ್ಣಿಗೇ ಇದು."

ತರ್ಫಾ ಕೋಲೂರಿಕೊಂಡು ಹತ್ತಿರ ಬಂದಳು. ಆಮೇಲೆ ಒಣಗಿದ ಬೆರಳುಗಳಿಂದ ಅವನ ರೆಪ್ಪೆಗಳನ್ನು ಮೆಲ್ಲಗೆ, ಮುದ್ದಿನಿಂದಲೇ ಸವರಿದಳು. ಅಂಗಿಯ ತೋಳಿನಿಂದ ಕಪ್ಪು ನೂಲೆಳೆದು ಗಂಟು ಹಾಕಿ, ಗಂಟಿಗೆ ಉಫ್ ಎಂದು ಊದಿ, ಚೀಲದ ಬಾಯಿಗೆ ಕಟ್ಟಿದಳು.

"ನಿನ್ನ ಕೈಯಾರೆ ಹಿಂಡಿ ಬಿಡು ಮಗಾ," ಎಂದಳು.

ಮಧ್ಯಾಹ್ನ ಅವನು ಫಗಾ ಜಜ್ಜಿ, ತೆಳುಬಟ್ಟೆಯಲ್ಲಿ ಹಿಂಡಿ, ತಾಯಿಯ ಕಣ್ಣಿಗೆ ಹನಿ ಬಿಟ್ಟ. ಹದ್ಬಾ ಕಣ್ಣು ಮುಚ್ಚಿ ತೆರೆದಳು. ಡೇರೆಬಟ್ಟೆಯ ಎಳೆ ಕಂಡಿತು. ಚಾಪೆಯ ಮೇಲಿನ ಇರುವೆ ಕಂಡಿತು. ಮಗನ ಗಲ್ಲದ ಮಚ್ಚೆ ಕಂಡಿತು. ಅವನನ್ನು ತಬ್ಬಿಕೊಂಡು ಮಗುವಿನಂತೆ ಅತ್ತಳು. ಮಿಷಾರಿ ಅವಳ ಕೆನ್ನೆ ಒರೆಸಿದ. ಈ ಪುಣ್ಯ ದಿಬ್ಬದಾಚೆಯ ತರ್ಫಾಜ್ಜಿಯದು, ಸುಮ್ಮನೆ ಹೆದರಿಸುತ್ತಾರೆ ಜನ ಎಂದ.

ಹದ್ಬಾಳ ತೋಳು ಸಡಿಲವಾಯಿತು. ತರ್ಫಾ ಸತ್ತಳು ಅಂದಿದ್ದರಲ್ಲ ಎಂದು ತೊದಲಿದಳು.

"ನನ್ನ ಹೆಸರು ಹೇಳಿದೆಯಾ?"

ಅವನು ಹೌದೆಂದು ತಲೆಯಾಡಿಸಿದ. ಹದ್ಬಾಳ ಬಾಯಿಂದ ಹಳೆಯದೆಲ್ಲ ಕಿತ್ತುಕೊಂಡು ಬಂತು. ತರ್ಫಾ ಅವಳ ಗೆಳತಿ. ಮಿಷಾರಿಯ ಅಪ್ಪನಿಗೆ ಮೊದಲು ನಿಶ್ಚಯವಾಗಿದ್ದವಳು ತರ್ಫಾ. ಮದುವೆ ಹತ್ತಿರವಿದ್ದಾಗ ಅವಳ ಕಣ್ಣು ಕೆಂಪಾಯಿತು. ಫಗಾದ ರಸ ಎಂದು ನಂಬಿಸಿ ಹದ್ಬಾ ಎಕ್ಕದ ಹಾಲು ಬಿಟ್ಟಿದ್ದಳು. ಕೈಯಾರೆ.

"ಅಮ್ಮಾ," ಎಂದ ಮಿಷಾರಿ. "ಡೇರೆ ಬಾಗಿಲು ಯಾಕೆ ಹಾಕಿದೆ?"

ಬಾಗಿಲು ತೆರೆದೇ ಇತ್ತು. ಹೊರಗೆ ಉರಿಬಿಸಿಲು. ಅವನು ಕಣ್ಣುಜ್ಜಿಕೊಂಡ. ಮತ್ತೆ ಉಜ್ಜಿಕೊಂಡ. ಹದ್ಬಾ ಮುಖ ತಿರುಗಿಸಹೋದಳು. ಕತ್ತು ಹೊರಳಲಿಲ್ಲ. ರೆಪ್ಪೆ ಮುಚ್ಚಲಿಲ್ಲ. ಅವನ ಕಪ್ಪು ಗುಡ್ಡೆಯಂಚಿನಲ್ಲಿ ಬಿಳಿ ಹನಿ ಮೂಡಿತು. ಹರಡಿತು. ಕುದಿಯಿತು. ಅವನು ಕಿರುಚಿದ. ಅವಳು ಅವನ ಕಣ್ಣಿನ ಒಂದೊಂದು ನರ ಸುಡುವುದನ್ನೂ ಕಂಡಳು. ಎಲ್ಲವನ್ನೂ ಸ್ಪಷ್ಟವಾಗಿ ಕಂಡಳು.

ಹೊರಗೆ ಮರಳಿನ ಮೇಲೆ ಕೋಲೂರುವ ಸದ್ದು ಬಂದು ಬಾಗಿಲಲ್ಲಿ ನಿಂತಿತು.

"ಹದ್ಬಾ, ಈಗ ಚೆನ್ನಾಗಿ ಕಾಣ್ತಿದೆಯೇನೇ?"