ಅಕ್ಕ ಒಪ್ಪಿದ ಊರು

ಅಕ್ಕನ ಕನ್ನಡಕದ ಕಡ್ಡಿ ಮುರಿಯದೇ ಇದ್ದಿದ್ದರೆ ಪುಟ್ಟಿ ಯಾರನ್ನೂ ಕೊಲ್ಲುವ ಯೋಚನೆ ಮಾಡುತ್ತಿರಲಿಲ್ಲ. ರಿಪೇರಿಗೆಂದು ಮಾರುಕಟ್ಟೆಯ ಹಿಂದಿನ ಅಂಗಡಿಗೆ ಹೋದಳು. ಅಂಗಡಿಯವನ ತಲೆ ಪೂರ್ತಿ ನರೆತಿತ್ತು, ಆದರೂ ಗುರುತು ಸಿಕ್ಕಿತು. ಒಂದು ಕಾಲದಲ್ಲಿ ಅವರ ಬೀದಿಯಲ್ಲೇ ಇದ್ದವನು. ಅವಳನ್ನು ಕಂಡರೆ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ಮನೆಯ ತಿರುವಿನವರೆಗೂ ಜೊತೆಗೆ ನಡೆಯುತ್ತಿದ್ದವನು. ಕಡ್ಡಿಗೆ ತಿರುಪು ಕೂರಿಸುತ್ತ, ತಲೆ ಎತ್ತದೆ ಹೇಳಿದ: "ಆಗ ನಿಮ್ಮನ್ನ ಕೇಳೋಕೆ ಮನೆಗೆ ಬಂದಿದ್ದೆ. ನಿಮಗೆ ಮದುವೇನೇ ಇಷ್ಟ ಇಲ್ಲ ಅಂತ ನಿಮ್ಮಕ್ಕ ಹೇಳಿ ಕಳಿಸಿದ್ರು. ಇರ್ಲಿ ಬಿಡಿ, ಹಳೇ ಮಾತು."

ಹಳೇ ಮಾತಂತೆ! ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಪುಟ್ಟಿ ಕನ್ನಡಕವನ್ನು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಅಕ್ಕ ಕನ್ನಡಕ ಏರಿಸಿ, ಗಾಜಿನ ಮೇಲೆ ಬೆರಳಿನ ಗುರುತಿದೆ, ಒರೆಸಿಕೊಡು ಎಂದಳು. ಪುಟ್ಟಿ ಒರೆಸಿಕೊಟ್ಟಳು.

ಐವತ್ತರ ಹತ್ತಿರ ಬಂದ ಹೆಂಗಸು ಇನ್ನೂ ಪುಟ್ಟಿ. ಅಕ್ಕ ಹಾಗೆ ಕರೆಯುತ್ತಾಳೆಂದು ಇಡೀ ಬೀದಿ ಹಾಗೇ ಕರೆಯುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಕ್ಕ, ನಿಜ. ಆ ಋಣವನ್ನು ಅಕ್ಕ ಒಮ್ಮೆಯೂ ಬಾಯಿಬಿಟ್ಟು ಆಡಿದವಳಲ್ಲ. ಆಡುವ ಅಗತ್ಯವೇ ಬೀಳದ ಹಾಗೆ, ದಿನಕ್ಕಿಷ್ಟು ಎಂದು ವಸೂಲು ಮಾಡಿಕೊಂಡು ಬಂದಳು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಅಕ್ಕ ಹೊರಗೆ ಮೆರೆದಳು. ಒಳಗೆ ಬಿಸಿನೀರು ಕಾಯಿಸಿದವಳು, ಉಡುಪಿಗೆ ಇಸ್ತ್ರಿ ಹಾಕಿದವಳು, ಆಸ್ಪತ್ರೆಯ ಸಾಲಿನಲ್ಲಿ ನಿಂತವಳು ಪುಟ್ಟಿ. ಅವಳಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಬಾಗಿಲು ಹಾಕಿಕೊಂಡು ಮಲಗಿದಾಗ ಯಾರೂ ಕೂಗಿ ಕರೆಯದ ಒಂದು ಮಧ್ಯಾಹ್ನ. ಅಂಥ ಮಧ್ಯಾಹ್ನ ಬರಬೇಕಾದರೆ ಅಕ್ಕ ಹೋಗಬೇಕು. ಬೇರೆ ದಾರಿ ಅವಳಿಗೆ ಕಾಣಲಿಲ್ಲ.

ದಾರಿ ತೋರಿಸಿದವಳೂ ಅಕ್ಕನೇ. ಒಂದು ಬೆಳಿಗ್ಗೆ ಪೇಪರು ಮಡಿಸಿಟ್ಟು, "ಈ ಹೊಗೆ, ಈ ಗಲಾಟೆ ಸಾಕಾಯ್ತು ಕಣೇ. ದಕ್ಷಿಣಕ್ಕೆ, ಪಕ್ಕದ ರಾಜ್ಯಕ್ಕೆ ಹೋಗಿಬಿಡೋಣ. ರಿಟೈರಾದವರೆಲ್ಲ ಆ ರಾಜ್ಯಕ್ಕೇ ಹೋಗ್ತಿದ್ದಾರೆ," ಎಂದಳು. "ಊರು ನೀನೇ ನೋಡ್ಕೊಂಡು ಬಾ. ನಾನೆಲ್ಲಿ ಬಸ್ಸು ಹತ್ತಿ ಇಳೀತಾ ಕೂರ್ಲಿ."

ಅಕ್ಕನಿಗೆ ಹೃದಯದ ಕಾಯಿಲೆ. ಹೃದಯದ ಗೋಡೆ ದಪ್ಪವಾಗಿದೆ, ಆಯಾಸ ಮಾಡಿಕೊಂಡರೆ ನಿಂತಲ್ಲೇ ನಿಂತುಬಿಡಬಹುದು ಎಂದು ಹಿಂದಿನ ವರ್ಷವೇ ಗೊತ್ತಾಗಿತ್ತು. ಯಾವ ಥರದ ಊರಾದರೆ ಒಳ್ಳೆಯದು ಎಂದು ಕೇಳಲು ಪುಟ್ಟಿ ಅಕ್ಕನ ಡಾಕ್ಟರಿಗೆ ಫೋನು ಮಾಡಿದಳು. ಆಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಡಾಕ್ಟರು, "ಸಮುದ್ರದ ಪಕ್ಕ, ಸಮತಟ್ಟಾಗಿರೋ ಊರು ನೋಡಿ. ಬೆಟ್ಟದ ಮೇಲಂತೂ ಬೇಡವೇ ಬೇಡ. ಎತ್ತರದ ಗಾಳಿ, ಏರು ದಾರಿ, ಎರಡೂ ಸೇರಿದ್ರೆ ಈ ಹೃದಯಕ್ಕೆ ವಿಷ," ಎಂದರು. ಫೋನು ಇಟ್ಟ ಮೇಲೂ ಪುಟ್ಟಿ ಬಹಳ ಹೊತ್ತು ಅದರ ಪಕ್ಕದಲ್ಲೇ ನಿಂತಿದ್ದಳು. ವಿಷವನ್ನು ಲೋಟಕ್ಕೆ ಹಾಕಿದರೆ ಪೊಲೀಸರು ಬರುತ್ತಾರೆ. ಮನೆಯೆಂದು ಬಾಡಿಗೆಗೆ ಹಿಡಿದರೆ ಯಾವ ಪೊಲೀಸು ಬರುತ್ತಾನೆ?

ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಆ ರಾಜ್ಯವನ್ನು ಸುತ್ತಿದಳು. ಸಮುದ್ರದ ಊರು ಅಂಗೈ ಹಾಗೆ ಸಮತಟ್ಟಾಗಿತ್ತು. ತೋರಿಸಿದ ಮನೆಯ ಎದುರಿಗೇ ದೊಡ್ಡ ಆಸ್ಪತ್ರೆ, ಪಕ್ಕದಲ್ಲಿ ಔಷಧಿ ಅಂಗಡಿ. ಸಂಜೆ ದಡದಲ್ಲಿ ವಯಸ್ಸಾದವರು ಕೈಬೀಸಿಕೊಂಡು ನಡೆಯುತ್ತಿದ್ದರು, ಒಬ್ಬೊಬ್ಬರ ಮುಖವೂ ಹೊಳೆಯುತ್ತಿತ್ತು. ಇಲ್ಲಿಗೆ ಬಂದರೆ ಅಕ್ಕ ನೂರು ದಾಟುತ್ತಾಳೆ, ದೇವರಾಣೆಗೂ ದಾಟುತ್ತಾಳೆ. ನದಿಯ ಪಕ್ಕದ ಇನ್ನೊಂದು ಊರಿನಲ್ಲಿ ಅಕ್ಕನ ಹಳೆಯ ವಿದ್ಯಾರ್ಥಿಗಳ ಸಂಘವೇ ಇತ್ತು. ದಿನಬೆಳಗಾದರೆ ಯಾರಾದರೊಬ್ಬರು ಮೇಡಂ ಹೇಗಿದ್ದಾರೆ ಎಂದು ಬಾಗಿಲು ತಟ್ಟುವ ಊರು ಅವಳಿಗೆ ಬೇಡವಾಗಿತ್ತು.

ಬೆಟ್ಟದ ಊರಿಗೆ ಬಸ್ಸು ಅರ್ಧ ದಿನ ಏರಿತು. ಕಿವಿ ಕಟ್ಟಿಕೊಂಡಿತು. ಊರೆಂದರೆ ರಸ್ತೆಯ ಬದಿಗೆ ನಾಲ್ಕು ಅಂಗಡಿ, ಅಂಗಡಿಗಳ ಹಿಂದೆ ಕಡಿದಾದ ಕಲ್ಲಿನ ಮೆಟ್ಟಿಲು, ಮೆಟ್ಟಿಲುಗಳ ತುದಿಯಲ್ಲಿ ಮನೆ. ಆಸ್ಪತ್ರೆ ಕೆಳಗೆ, ತಪ್ಪಲಿನ ಪಟ್ಟಣದಲ್ಲಿ. ಮನೆಯ ಮಾಲೀಕ ಪಾಪ, ಮುಚ್ಚುಮರೆಯಿಲ್ಲದ ಮನುಷ್ಯ. "ಮಳೆಗಾಲದಲ್ಲಿ ಗುಡ್ಡ ಜರಿದ್ರೆ ವಾರಗಟ್ಟಲೆ ರಸ್ತೆ ಬಂದ್. ಮೊದ್ಲೇ ಹೇಳಿಬಿಡ್ತೀನಮ್ಮ, ಆಮೇಲೆ ನನ್ನ ಬೈಕೋಬೇಡಿ," ಎಂದ. ಅವಳಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮೇಲೆ ಹತ್ತುವಾಗ ಪುಟ್ಟಿ ನಡುವೆ ಎರಡು ಸಲ ಕಂಬಿ ಹಿಡಿದು ನಿಂತಳು; ಎದೆ ಡವಗುಟ್ಟುತ್ತಿತ್ತು. ತನ್ನಂಥ ಗಟ್ಟಿಗಿತ್ತಿಗೇ ಹೀಗಾದರೆ ಅಕ್ಕನ ಗತಿಯೇನು ಎಂದುಕೊಂಡು ಒಳಗೊಳಗೇ ನಕ್ಕಳು. ಹಿತ್ತಿಲ ಕಡೆ ಒಂದು ಸಣ್ಣ ಕೋಣೆಯಿತ್ತು, ಬಾಗಿಲಿಗೆ ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಇದು ನನ್ನದು ಎಂದು ಆಗಲೇ ನಿಶ್ಚಯಿಸಿದಳು.

ಇನ್ನು ಅಕ್ಕನನ್ನು ಒಪ್ಪಿಸಬೇಕು. ಅದು ನೀರು ಕುಡಿದಷ್ಟು ಸುಲಭ. ಅಕ್ಕನಿಗೆ ಯಾವುದಾದರೂ ಬೇಡವೆನಿಸಬೇಕಾದರೆ ಪುಟ್ಟಿ ಅದು ಬೇಕು ಎಂದರೆ ಸಾಕು. ಎದುರುಮನೆಯಾಕೆ ಹರಟೆಗೆಂದು ಬಂದು ಕೂತ ಹೊತ್ತನ್ನೇ ನೋಡಿ ಪುಟ್ಟಿ ಮಾತು ತೆಗೆದಳು. ಸಾಕ್ಷಿ ಇರಲಿ ಎಂದು.

"ಸಮುದ್ರದ ಊರೇ ಇರ್ಲಿ ಅಕ್ಕಾ. ನನಗಂತೂ ತುಂಬಾ ಇಷ್ಟ ಆಯ್ತು. ಬೆಟ್ಟ ಬೇಡ, ನಿನ್ನ ಎದೆಗೆ ಒಗ್ಗಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ."

"ನನ್ನ ಎದೆ ವಿಚಾರ ನನಗಿಂತ ಅವನಿಗೆ ಗೊತ್ತಾ?" ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು. "ಉಪ್ಪುಗಾಳಿ, ಬೆವರು, ಅಂಟು ಅಂಟು. ನಾನೇನು ದಡದಲ್ಲಿ ಮೀನು ಒಣಗಿಸೋಕೆ ಹೋಗ್ಬೇಕಾ? ಬೆಟ್ಟದ ಮನೆ ಹೇಗಿದೆ ಹೇಳು."

"ಬೇಡ ಅಕ್ಕಾ, ದಮ್ಮಯ್ಯ."

"ಹೇಳೇ ಅಂದ್ರೆ!"

ಪುಟ್ಟಿ ಹೇಳಿದಳು. ಮಂಜು, ನೀಲಿ ಗುಡ್ಡ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ ಹಾಕುವಷ್ಟು ಜಾಗ. ಬಾಯಿ ತಪ್ಪಿ ಬಂದಂತೆ, ಆ ಕಡೆ ನಿವೃತ್ತ ಅಧಿಕಾರಿಗಳೇ ಹೆಚ್ಚಂತೆ ಎಂದೂ ಸೇರಿಸಿದಳು. ಅಕ್ಕ ಅಲ್ಲೇ ತೀರ್ಮಾನ ಕೊಟ್ಟಳು. ಎದುರುಮನೆಯಾಕೆ ಹೋಗುವಾಗ ಪುಟ್ಟಿಯ ಕೈ ಅದುಮಿ, "ನೀನೇನು ಮಾಡ್ತೀಯಮ್ಮ, ನಿಮ್ಮಕ್ಕ ಯಾರ ಮಾತು ಕೇಳ್ತಾರೆ," ಎಂದು ಮರುಗಿದಳು. ಪುಟ್ಟಿ ಕಣ್ಣು ಒರೆಸಿಕೊಂಡಳು. ನಾಳೆ ಯಾರು ಕೇಳಿದರೂ ಉತ್ತರ ಸಿದ್ಧ: ಎಚ್ಚರಿಸಿದ್ದಳು, ಬೇಡಿಕೊಂಡಿದ್ದಳು, ಅಕ್ಕನೇ ಹಟ ಹಿಡಿದಳು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಷ್ಟು ನೆಟ್ಟಗಿನ ಕೊಲೆಯನ್ನು ಯಾರು ತಾನೇ ಮಾಡಿದ್ದಾರು!

ಮಳೆಗಾಲಕ್ಕೆ ಮುಂಚೆ ಸಾಮಾನಿನ ಲಾರಿ ಬೆಟ್ಟ ಏರಿತು. ಅಕ್ಕನನ್ನು ಹಮಾಲರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಮೆರವಣಿಗೆಯೇ ಸೈ, ಅಕ್ಕ ದಾರಿಯುದ್ದಕ್ಕೂ ಅವರ ಕಾಲು ಎಲ್ಲಿಡಬೇಕೆಂದು ಪಾಠ ಹೇಳಿದಳು. ಪುಟ್ಟಿ ಹಿಂದೆ ಹಾಸಿಗೆಯ ಸುರುಳಿ ಹೊತ್ತು ಬಂದಳು.

ಅವಳ ಲೆಕ್ಕವೆಲ್ಲ ಅಕ್ಕನ ಸಂಜೆಯ ನಡಿಗೆಯ ಮೇಲೆ ನಿಂತಿತ್ತು. ಶಾಲೆಯಲ್ಲಿದ್ದಾಗಿನಿಂದ ಅಕ್ಕ ಅದನ್ನು ತಪ್ಪಿಸಿದವಳಲ್ಲ. ಇಳಿದರೆ ಹತ್ತಲೇಬೇಕು. ಒಂದು ಸಂಜೆ ನಡುವೆ ಎಲ್ಲೋ ಕೂರುತ್ತಾಳೆ, ಅಷ್ಟೇ. ಆದರೆ ಮೊದಲ ಸಂಜೆ ಅಕ್ಕ ಬಾಗಿಲಲ್ಲಿ ನಿಂತು ಮೆಟ್ಟಿಲು ನೋಡಿದಳು, ಚಪ್ಪಲಿ ಬಿಟ್ಟಳು, ಒಳಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತವಳು ಏಳಲೇ ಇಲ್ಲ. "ನೋಟ ಇಲ್ಲಿಂದಾನೇ ಚೆನ್ನಾಗಿದೆ. ನನಗೇನು ಬೇಕೋ ನೀನು ತರ್ತೀಯಲ್ಲ," ಎಂದಳು.

ಪುಟ್ಟಿ ತಂದಳು. ಹಾಲು, ಪೇಪರು, ಸೌದೆ, ತರಕಾರಿ, ವಾಚನಾಲಯದ ಪುಸ್ತಕ. ಪುಸ್ತಕ ಓದಿದ್ದೇ ಆಗಿದ್ದರೆ ಬದಲಾಯಿಸಲು ಮತ್ತೆ ಕೆಳಗೆ. "ಈ ಬ್ರೆಡ್ಡು ನಿನ್ನೇದು ಕಣೇ, ಮುಟ್ಟಿದ್ರೇ ಗೊತ್ತಾಗುತ್ತೆ. ಅವನ ಮುಖಕ್ಕೇ ಹಿಡಿದು ಹೊಸದು ತಗೊಂಡ್ಬಾ." ಪುಟ್ಟಿ ಇಳಿದಳು, ಹತ್ತಿದಳು. ಮಳೆ ಹಿಡಿಯುವ ಹೊತ್ತಿಗೆ ಅವಳ ಕೆನ್ನೆ ಒಳಗೆ ಹೋಗಿತ್ತು. ಚಿಲಕ ಹಾಕಿಕೊಂಡು ಮಲಗಿದರೆ ಉಸಿರು ಸಿಕ್ಕದೆ ಎದ್ದು ಕೂರುತ್ತಿದ್ದಳು. ಕಾಯುವುದೆಂದರೆ ಹೀಗೇ ಇರಬೇಕು, ಕೊಲೆಯೆಂದರೆ ಪುಕ್ಕಟೆಯಾಗಿ ಆಗುತ್ತದೆಯೇ ಎಂದು ಸಮಾಧಾನ ಹೇಳಿಕೊಂಡಳು. ಅಕ್ಕನ ಮುಖಕ್ಕೆ ಮಾತ್ರ ಕೆಂಪು ಏರಿತ್ತು.

ಗುಡ್ಡ ಜರಿದು ರಸ್ತೆ ಮುಚ್ಚಿದ ಸುದ್ದಿಯನ್ನು ಹಾಲಿನವನು ತಂದಾಗ ಅವಳಿಗೆ ಜೀವ ಬಂದಂತಾಯಿತು. ಇನ್ನು ಅಕ್ಕನ ಎದೆ ಒಮ್ಮೆ ಎಡವಿದರೆ ಎತ್ತಿ ಹಿಡಿಯಲು ಯಾರೂ ಬರಲಾರರು. ಒಂದು ಕೆಲಸ ಮಾತ್ರ ಬಾಕಿಯಿತ್ತು. ಗುಡ್ಡದ ಇನ್ನೂ ಮೇಲಿನ ಮನೆಯಲ್ಲಿ ಒಬ್ಬ ನಿವೃತ್ತ ಡಾಕ್ಟರಿದ್ದರು, ಸ್ಟೆತಾಸ್ಕೋಪು ಬಿಟ್ಟರೆ ಬೇರೇನೂ ಇಲ್ಲದವರು. ಅವರು ಈಗಲೇ ಅಕ್ಕನನ್ನು ನೋಡಿ, ಕಾಯಿಲೆ ಗಟ್ಟಿಯಾಗಿದೆ ಎಂದು ಒಂದು ಮಾತು ಆಡಿಬಿಟ್ಟರೆ, ನಾಳೆ ಸತ್ತಾಗ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಬೆಳಿಗ್ಗೆಯೇ ಮೇಲೆ ಹತ್ತಿ ಕರೆದು ಬಂದಳು. ಬಂದವರಿಗೆ ಕೊಡಲು ಮನೆಯಲ್ಲಿ ಬಿಸ್ಕತ್ತಿಲ್ಲ ಎಂದು ಅಕ್ಕ ಕೆಳಗೆ ಕಳಿಸಿದಳು.

ಬಿಸ್ಕತ್ತಿನ ಪೊಟ್ಟಣ ಹಿಡಿದು ಅವಳು ಒಳಗೆ ಬರುವಾಗ ಡಾಕ್ಟರು ಅಕ್ಕನ ಪರೀಕ್ಷೆ ಮುಗಿಸಿದ್ದರು. "ನಿಮಗೇನೂ ಭಯವಿಲ್ಲ. ಕೂತಲ್ಲೇ ಕೂತಿದ್ದೀರಲ್ಲ, ಅದೇ ನಿಮ್ಮನ್ನ ಕಾಪಾಡಿದೆ," ಎನ್ನುತ್ತಿದ್ದವರು ಪುಟ್ಟಿಯನ್ನು ನೋಡಿ ಮಾತು ನಿಲ್ಲಿಸಿದರು. ಅವಳ ತುಟಿ ನೋಡಿದರು, ಉಗುರು ನೋಡಿದರು. "ಕೂತ್ಕೊಳ್ಳಿ, ಮಾತಾಡಬೇಡಿ," ಎಂದು ಸ್ಟೆತಾಸ್ಕೋಪನ್ನು ಅವಳ ಎದೆಗಿಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ಅವರ ದನಿ ಗಡುಸಾಯಿತು. "ಇಂಥ ಹೃದಯ ಇಟ್ಕೊಂಡು ಈ ಮೆಟ್ಟಿಲು ಹತ್ತಿ ಇಳೀತಿದ್ದೀರಾ? ಇದು ನಿಮ್ಮಕ್ಕನಿಗಿಂತ ಕೆಟ್ಟು ಹೋಗಿದೆಯಲ್ರೀ! ಇವತ್ತೇ ಕೆಳಗೆ ಆಸ್ಪತ್ರೆಗೆ ಸೇರಿಸಬೇಕಿತ್ತು."

"ರಸ್ತೆ..." ಎಂದಳು ಪುಟ್ಟಿ. ಮುಂದಿನ ಮಾತಿಗೆ ಉಸಿರು ಬರಲಿಲ್ಲ.

ಡಾಕ್ಟರು ಕಿಟಕಿಯ ಹೊರಗೆ ಮಳೆಯನ್ನು ನೋಡಿದರು. ಅಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಕೈಗೆ ತೆಗೆದುಕೊಂಡವಳು ಹಾಗೇ ಮಡಿಲಲ್ಲಿ ಇಟ್ಟುಕೊಂಡಳು. ಅವಳ ಮುಖ ಮೊದಲ ಸಲ ಸಣ್ಣದಾಗಿತ್ತು. "ಅಯ್ಯೋ ಪುಟ್ಟೀ, ನಮ್ಮ ಡಾಕ್ಟ್ರು ಹೋದ ವರ್ಷವೇ ಹೇಳಿದ್ರು ಕಣೇ," ಎಂದಳು. "ನೀನು ಆಗ ಆಸ್ಪತ್ರೆಯ ಕೆಳಗಿನ ಮಹಡೀಲಿ ನನ್ನ ಮಾತ್ರೆ ತರೋಕೆ ಸಾಲಲ್ಲಿ ನಿಂತಿದ್ದೆ. ಇದು ಅಮ್ಮನಿಂದ ಬಂದಿರೋದು, ಅಮ್ಮನೂ ಇದರಲ್ಲೇ ಹೋಗಿರಬೇಕು, ನಿಮ್ಮ ತಂಗೀಗೂ ಒಂದ್ಸಲ ಪರೀಕ್ಷೆ ಮಾಡಿಸಿಬಿಡಿ ಅಂದ್ರು. ನೀನು ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದೆ, ನಿನಗೇನು ಬರುತ್ತೆ ಅಂತ ನಾನು ಸುಮ್ಮನಾದೆ. ಆಮೇಲೆ ನಿನಗೆ ಹೇಳೋದೇ ಮರ್ತುಹೋಯ್ತು."