ಮೇಲಿನ ನೀರು

ಶನಿವಾರ ಬೆಳಿಗ್ಗೆ ಪುಲೆಂಗ್ ಬಂದು ಬಾಗಿಲು ತಟ್ಟಿದಾಗ ಕೆದಿಬೋನೆ ಅಮ್ಮ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಬಾಗಿಲು ತೆಗೆದವನು ಮೊಕೆಟೆ. ಬಂದವಳು ಕೂರಲಿಲ್ಲ, ಅಳಲೂ ಇಲ್ಲ. ಬಸ್ಸಿನ ವೇಳೆ ಕೇಳುವವಳ ಹಾಗೆ ಹೇಳಿದಳು.

"ಅಮ್ಮಾ, ಮುಚ್ಚಿದ್ದ ಕೋಣೆ ನಿನ್ನೆ ರಾತ್ರಿ ತೆಗೆದು ನೋಡಿದ್ರೆ ನಮ್ಮ ತೊಟ್ಟಿಲು ಕಾಣ್ತಿಲ್ಲ. ಯಾರು ತಗೊಂಡ್ರು ಅಂತ ಸಂಜೆಯೊಳಗೆ ನನಗೆ ಗೊತ್ತಾಗ್ಬೇಕು. ನನ್ನ ಗಂಡ ಕಟ್ಲೆಹೋನೇ ಮಾರಿದ್ದಾನೆ ಅಂತಾದ್ರೆ ನಾನು ಸಂಜೆ ಬಸ್ಸಿಗೆ ತವರಿಗೆ ಹೋಗ್ತೀನಿ. ವಾಪಸ್ ಬರಲ್ಲ."

"ಅವನೇನಂತಾನೆ?"

"ನಾನು ಮುಟ್ಟಿಲ್ಲ ಅಂತಾನೆ. ಅವನ ಮಾತು ನಂಬೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ಬ್ಯಾಗು ಕಟ್ಟಿಟ್ಟಿದೀನಿ."

ಕೆದಿಬೋನೆ ಎಂದರೆ ಅವರ ಭಾಷೆಯಲ್ಲಿ ಎಲ್ಲವನ್ನೂ ಕಂಡವಳು ಎಂದರ್ಥ. ಹೆಸರಿಗೆ ತಕ್ಕಂತೆ ಆಕೆ ಲೆಸೊಥೋ ಗಡಿಯಲ್ಲಿ ದನಗಳ್ಳರ ಹಿಂದೆ ಅಲೆದ ಪೊಲೀಸ್ ಪತ್ತೇದಾರಿಣಿ. ನಿವೃತ್ತಿಯಾಗಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನಿನ ಈ ಇಟ್ಟಿಗೆ ಮನೆಗಳ ಸಾಲಿಗೆ ಬಂದ ಮೇಲೆ ಸಾಲಿನವರಿಗೆಲ್ಲ ಆಕೆಯೇ ಠಾಣೆ. ಮೊಕೆಟೆ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಆಕೆಯ ಹಿತ್ತಲ ಕೋಣೆಯ ಬಾಡಿಗೆದಾರ. ಆಕೆಯ ಮಂಡಿ ಕೈಕೊಟ್ಟಾಗಿನಿಂದ ಎಲ್ಲಿಗೆ ಹೋದರೂ ತೋಳು ಕೊಟ್ಟು ನಡೆಸುವುದು ಅವನ ಕೆಲಸ. ಬಾಡಿಗೆ ಕಡಿಮೆ, ಬೈಗುಳ ಜಾಸ್ತಿ ಎಂದು ಅವನು ಸ್ನೇಹಿತರಿಗೆ ಹೇಳುತ್ತಿದ್ದ. ಆದರೂ ಮನೆ ಬಿಡುವ ಯೋಚನೆ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

ಪುಲೆಂಗಳ ಮನೆಯ ಕತೆ ಸಾಲಿಗೆಲ್ಲ ಗೊತ್ತಿತ್ತು. ಬ್ಯಾಂಕಿನ ಸಾಲದಲ್ಲಿ ಮನೆ ಕೊಂಡರು, ಮಗು ಹುಟ್ಟಿತು. ಗಂಡು, ಟೆಬೋಹೋ. ಕೆಲವು ರಾತ್ರಿ ಆ ತೊಟ್ಟಿಲಲ್ಲಿ ಮಲಗಿ, ಒಂದು ಬೆಳಿಗ್ಗೆ ಏಳಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ಕಟ್ಲೆಹೋಗೆ ಸಾಲವನ್ನು ಅವಧಿಗೆ ಮೊದಲೇ ತೀರಿಸುವ ಹುಚ್ಚು ಹಿಡಿಯಿತು. ಮಾಂಸ ನಿಂತಿತು, ದಿನಾ ಜೋಳದ ಗಂಜಿಮುದ್ದೆ, ಸೊಪ್ಪು. ಪ್ರತಿ ಶನಿವಾರ ಗೇಟಿನ ಮುಂದೆ ಮನೆಯ ಸಾಮಾನು ಹರವಿ ಮಾರಾಟ. ಟೀವಿ ಹೋಯಿತು, ಸೋಫಾ ಹೋಯಿತು, ಮದುವೆಯಲ್ಲಿ ಬಂದ ತಟ್ಟೆಗಳೂ ಹೋದವು. ಪುಲೆಂಗ್ ಬೇಡ ಎನ್ನಲಿಲ್ಲ. ಬೇಕು ಎನ್ನುವುದಕ್ಕೂ ಅವಳಲ್ಲಿ ಏನೂ ಉಳಿದಿರಲಿಲ್ಲ. ತೊಟ್ಟಿಲೊಂದು ಬಿಟ್ಟು.

"ಆ ಮನೇಲಿ ಇನ್ನೇನು ನೋವು?" ಕಾಲು ಒರೆಸಿಕೊಳ್ಳುತ್ತ ಕೆದಿಬೋನೆ ಅಮ್ಮ ಕೇಳಿದರು.

ಪುಲೆಂಗ್ ಬಾಗಿಲ ಚೌಕಟ್ಟಿಗೆ ಒರಗಿದಳು. "ನಮ್ಮತ್ತೆ. ಮದುವೆ ದಿನ ನನಗೆ ಮಟೆಬೋಹೋ ಅಂತ ಹೆಸರಿಟ್ರು, ಟೆಬೋಹೋನ ತಾಯಿ ಅಂತ. ನಮ್ಮಲ್ಲಿ ಹಾಗೇ ಅಲ್ವಾ, ಮಗು ಹುಟ್ಟೋ ಮೊದಲೇ ತಾಯಿ ಹೆಸರು. ಮಗು ಹೋದ ಮೇಲೆ ಆ ಹೆಸರು ಬೇಡ ಅತ್ತೆ, ಪುಲೆಂಗ್ ಅನ್ನಿ ಅಂದೆ. ಕೇಳಲಿಲ್ಲ. ದಿನಾ ಬೆಳಿಗ್ಗೆ ಅದೇ ಹೆಸರು ಹಿಡಿದು ಕೂಗ್ತಾರೆ. ಅವತ್ತಿಂದ ನಾನು ಅವರ ಜೊತೆ ಮಾತು ಬಿಟ್ಟಿದೀನಿ."

"ಮಳೇಲಿ ಹುಟ್ಟಿದವಳಿಗೆ ಮಳೆ ಹೆಸರೇ ಚೆಂದ" ಎಂದ ಮೊಕೆಟೆ, ಸಮಾಧಾನ ಹೇಳಲು ಬೇರೇನೂ ತೋಚದೆ. ಪುಲಾ ಎಂದರೆ ಮಳೆ, ಪುಲೆಂಗ್ ಎಂದರೆ ಮಳೆಯಲ್ಲಿ ಬಂದವಳು. ಅವಳು ನಗಲಿಲ್ಲ.

ಮೂವರೂ ಹೊರಟರು. "ಮೊದಲು ದೊಡ್ಡ ಬೆಕ್ಕಿನ ಅಂಗಡಿಗೆ ನಡಿ" ಎಂದರು ಕೆದಿಬೋನೆ ಅಮ್ಮ.

ಅದು ಪುಲೆಂಗಳ ಮನೆಯೆದುರಿನ ದಿನಸಿ ಅಂಗಡಿ. ಬೋರ್ಡಿನ ಮೇಲೆ ಇಷ್ಟಗಲ ಬಾಯಿ ತೆರೆದ ಸಿಂಹವಿದೆ, ಊರಿಗೆಲ್ಲ ಅದು ಸಿಂಹದ ಅಂಗಡಿ. ಆದರೆ ಕೆದಿಬೋನೆ ಅಮ್ಮನ ಮಾವನ ಹೆಸರು ಟಾವು, ಅಂದರೆ ಸಿಂಹ. ಸೊಸೆಯಾದವಳು ಮಾವನ ಹೆಸರನ್ನಾಗಲಿ, ಆ ಹೆಸರು ಅಡಗಿರುವ ಮಾತನ್ನಾಗಲಿ ಬಾಯಿಗೆ ತರಬಾರದು. ಮಾವ ಸತ್ತು, ಗಂಡನೂ ಸತ್ತು, ಕಳ್ಳರಿಗೆ ಬಾಯಿಗೆ ಬಂದಂತೆ ಬೈದು ಆಕೆ ನಿವೃತ್ತಿಯಾದ ಮೇಲೂ ಸಿಂಹ ಮಾತ್ರ ದೊಡ್ಡ ಬೆಕ್ಕಾಗಿಯೇ ಉಳಿದಿತ್ತು. ಮೊಕೆಟೆ ಇದಕ್ಕೆ ಎಷ್ಟೋ ಸಲ ನಕ್ಕು ಬೈಸಿಕೊಂಡಿದ್ದ.

ಅಂಗಡಿಯ ಚಿಕೊಂಡಿ ಮಲಾವಿಯಿಂದ ಬಂದವನು, ಇಲ್ಲಿನ ಭಾಷೆ ಹೊಸದಾಗಿ ಕಲಿತವನು. ಕೇಳಿದ್ದೇ ತಡ, ಹೇಳಿಬಿಟ್ಟ.

"ಗುರುವಾರ ಮಧ್ಯಾಹ್ನ ಅಮ್ಮಾ. ಮನೇಲಿ ಯಾರೂ ಇರಲಿಲ್ಲ. ಪಿಕಪ್ ಬಂತು. ಡ್ರೈವರ್ ಕತ್ತಾಳೆ ಕುಂಡದ ಕೆಳಗಿಂದ ಕೀ ತಗೊಂಡ, ತೊಟ್ಟಿಲನ್ನ ಕಂಬಳಿ ಸುತ್ತಿ ಏರಿಸಿದ. ಯಾರಯ್ಯಾ ನೀನು ಅಂದೆ. ಒಬ್ಬ ಹೆಂಗಸು ಫೋನ್ ಮಾಡಿದ್ರು, ಮೇಲಿನ ನೀರು ಬೀಳೋದರೊಳಗೆ ಸಾಗಿಸು ಅಂದ್ರು ಅಂದ. ನಾನು ಟ್ಯಾಂಕ್ ಒಡೆದಿದೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಆ ಮನೆ ಮೇಲೆ ಟ್ಯಾಂಕೇ ಇಲ್ಲ."

"ಅವನ ಮಾತು ಅಷ್ಟೇನಾ?"

"ಅಷ್ಟೇ. ನಿಮ್ಮ ಭಾಷೇಲಿ ನೀರಿಗೆ ಎಷ್ಟು ಹೆಸರಮ್ಮಾ?"

ಕೆದಿಬೋನೆ ಅಮ್ಮ ಮೊಕೆಟೆಯ ತೋಳನ್ನು ಎಳೆದುಕೊಂಡು ಎದುರು ಮನೆಯತ್ತ ಹೊರಟರು.

ಗೇಟಿನ ಮುಂದೆ ಹಳೆಯ ಚಾದರ ಹಾಸಿ ಕಟ್ಲೆಹೋ ಉಳಿದ ಪಾತ್ರೆಗಳನ್ನು ಜೋಡಿಸುತ್ತಿದ್ದ. ಅವನ ಅಣ್ಣ ಖೋಟ್ಸೋನ ಹೆಂಡತಿ ನೋಲೋ ಸಹಾಯಕ್ಕೆ ಬಂದಿದ್ದಳು, ತುಂಬಿದ ಬಸುರಿ. "ಬೇಗ ಬೇಗ ಮಾರೋ ಮೈದುನ, ಮಳೆ ಬರೋ ಹಾಗಿದೆ" ಎನ್ನುತ್ತಿದ್ದಳು. ಮೂಡಣದಲ್ಲಿ ಮೋಡ ಕಪ್ಪಗಾಗಿತ್ತು.

"ಆ ಅಂಗಡಿಯವನನ್ನೇ ಹಿಡೀರಿ ಅಮ್ಮಾ" ಎಂದ ಪಿಕಪ್ಪಿನ ವಿಷಯ ಕೇಳಿದ ಕಟ್ಲೆಹೋ, ತಲೆಯೆತ್ತದೆ. "ಹೋದ ತಿಂಗಳು ಅದರ ಬೆಲೆ ಕೇಳಿದ್ದ. ಪಿಕಪ್ ಗಿಕಪ್ ಎಲ್ಲ ಅವನು ಕಟ್ಟಿದ ಕತೆ."

"ಹಿಡಿಯೋಣ, ಅವಸರ ಯಾಕೆ? ತೊಟ್ಟಿಲು ಎಲ್ಲಿಂದ ಕೊಂಡಿದ್ದು?"

"ಕೊಂಡಿದ್ದಲ್ಲ. ನಮ್ಮಪ್ಪ ಮೋಸೆಸ್ ಹುಟ್ಟಿದಾಗ ಅವರಪ್ಪ ಪುಲೆ ಕೈಯಾರೆ ಮಾಡಿದ್ದು. ಅಪ್ಪ, ಅಣ್ಣ, ನಾನು, ಎಲ್ಲ ಅದರಲ್ಲೇ ಮಲಗಿದ್ದು." ಅಲ್ಲಿಗೆ ನಿಲ್ಲಿಸಿ ಒಂದು ಚಮಚವನ್ನು ಎತ್ತಿ ಒರೆಸತೊಡಗಿದ.

ಒಳಗೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು, ಅಷ್ಟು ಖಾಲಿ. ಗೋಡೆಯ ಮೇಲೊಂದು ಮನೆಯ ಚಿತ್ರ, ಅದರ ತುಂಬ ಸಣ್ಣ ಚೌಕಗಳು. ಸಾಲ ತೀರಿದಷ್ಟಕ್ಕೂ ಹಸಿರು ಬಣ್ಣ ತುಂಬಿದ್ದರು. ಬಾಗಿಲು, ಕಿಟಕಿಗಳೆಲ್ಲ ಹಸಿರಾಗಿದ್ದವು. ಛಾವಣಿ ಇನ್ನೂ ಬೆಳ್ಳಗಿತ್ತು.

ಅಡುಗೆಮನೆಯಿಂದ ಕಟ್ಲೆಹೋನ ತಾಯಿ ಮಖೋಟ್ಸೋ ಬಂದರು. ಹಿರಿಯ ಮಗನ ಹೆಸರಿನಲ್ಲೇ ಅವರಿಗೂ ಆ ಹೆಸರು. ಪುಲೆಂಗಳ ಬಾಣಂತನಕ್ಕೆಂದು ಬಂದವರು ಹಿಂತಿರುಗಿ ಹೋಗಿರಲಿಲ್ಲ. "ಮಟೆಬೋಹೋ, ಬಂದೋರಿಗೆ ಚಹಾ ಇಡ್ಲಾ?" ಎಂದು ಸೊಸೆಯನ್ನು ಕೇಳಿದರು. ಪುಲೆಂಗ್ ಅತ್ತೆಯ ಮುಖವನ್ನೂ ನೋಡದೆ ಹಿತ್ತಲಿಗೆ ಹೋಗಿ ಒಗೆದ ಬಟ್ಟೆ ಹರವತೊಡಗಿದಳು. ಮಖೋಟ್ಸೋ ಅವಳು ಹೋದ ಬಾಗಿಲನ್ನು ನೋಡುತ್ತ ನಿಂತರು. ಬೈಯಲೂ ಇಲ್ಲ, ಕರೆಯಲೂ ಇಲ್ಲ.

ಮಗುವಿನ ಕೋಣೆಯಲ್ಲಿ ಏನೂ ಇರಲಿಲ್ಲ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿತ್ತು, ಅದರಲ್ಲಿ ತೊಟ್ಟಿಲ ನಾಲ್ಕು ಕಾಲಿನ ಗುರುತು. ಕೆದಿಬೋನೆ ಅಮ್ಮ ಬಾಗಿಲಲ್ಲೇ ನಿಂತು ಮೂಗೆಳೆದರು.

"ಏನು ವಾಸನೆ ಹೇಳು."

"ವಾರ್ನಿಷ್" ಎಂದ ಮೊಕೆಟೆ.

"ಹೊರಗೆ ಹೋದಾಗ ಕಟ್ಲೆಹೋನ ಹೆಬ್ಬೆರಳಿನ ಉಗುರು ನೋಡು."

ಹಿತ್ತಲಿಗೆ ಬಂದ ಮೇಲೆ ಮೊಕೆಟೆಗೆ ತಟ್ಟನೆ ಹೊಳೆಯಿತು. ಮೇಲಿನ ನೀರು! ಅವನು ದನಿ ತಗ್ಗಿಸಿದ. "ಅಮ್ಮಾ, ಅದು ಮಳೆ. ಫೋನ್ ಮಾಡಿದವಳು ಪುಲಾ ಅನ್ನೋ ಮಾತು ಆಡಬಾರದವಳು. ಅಂದ್ರೆ ಪುಲೆ ಮನೆ ಸೊಸೆ."

"ಬುದ್ಧಿ ಬಂತಲ್ಲ. ಮುಂದೆ?"

"ಮುಂದೆ ಕೆಡ್ತು. ಈ ಮನೆಗೆ ಇಬ್ಬರು ಸೊಸೆಯರು. ಅವರ ಮಾವ ಮೋಸೆಸ್, ಪುಲೆ ಅಲ್ಲ. ನೋಲೋ ಈಗ ತಾನೇ ಮಳೆ ಬರೋ ಹಾಗಿದೆ ಅಂದಳು. ಪುಲೆಂಗ್ ಅಂತೂ ಮಳೆ ಹೆಸರೇ ಹೊತ್ತಿದ್ದಾಳೆ."

ಕೆದಿಬೋನೆ ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಲೆಕ್ಕದ ಮೇಷ್ಟ್ರೇ, ಮಕ್ಕಳಿಗೆ ಅದೇನು ಕಲಿಸ್ತೀಯೋ. ಎಣಿಸೋಕೇ ಬರಲ್ಲ ನಿನಗೆ. ಈ ಮನೆಗೆ ಸೊಸೆಯರು ಮೂವರು. ಹೋಗು, ಎಲ್ಲರನ್ನೂ ಕರಿ. ಆ ಚಿಕೊಂಡಿನೂ ಬರಲಿ."

ಎಲ್ಲರೂ ಬಂದರು, ಕೂರಲು ಮಾತ್ರ ಏನೂ ಇರಲಿಲ್ಲ. ಕುರ್ಚಿಗಳೆಲ್ಲ ಹಿಂದಿನ ಶನಿವಾರಗಳಲ್ಲೇ ಮಾರಿಹೋಗಿದ್ದವು. ಕಳ್ಳನೆನಿಸಿಕೊಂಡ ಚಿಕೊಂಡಿಯೇ ತನ್ನ ಅಂಗಡಿಯಿಂದ ಸೋಡಾ ಕ್ರೇಟುಗಳನ್ನು ಹೊತ್ತು ತಂದು ಬೋರಲು ಹಾಕಿದ. ಕಟ್ಲೆಹೋ ಅವನತ್ತ ನೋಡದೆ ಒಂದರ ಮೇಲೆ ಕೂತ. ಪುಲೆಂಗ್ ಬಾಗಿಲ ಬಳಿ ತನ್ನ ಬ್ಯಾಗು ಹಿಡಿದು ನಿಂತಿದ್ದಳು.

"ಮೊದಲನೇದು ಚಿಕೊಂಡಿ ವಿಷಯ" ಎಂದರು ಕೆದಿಬೋನೆ ಅಮ್ಮ. "ಸೊಸೆಯಾದವಳು ಯಾವ ಮಾತು ನುಂಗ್ತಾಳೆ ಅನ್ನೋದು ಇವನಿಗೆ ಗೊತ್ತಿಲ್ಲ. ಮೇಲಿನ ನೀರು ಅಂದ್ರೆ ಟ್ಯಾಂಕ್ ಹುಡುಕಿದವನು ಆ ಮಾತನ್ನ ತಾನೇ ಕಟ್ಟಿ ಹೇಳೋಕಾಗಲ್ಲ. ಅವನು ಹೇಳಿದ್ದು ನಿಜ. ಕಟ್ಲೆಹೋ, ಅವನ ಹತ್ರ ಆಮೇಲೆ ತಪ್ಪಾಯ್ತು ಅನ್ನು. ಎರಡನೇದು ನಿನ್ನ ಉಗುರು. ತೋರಿಸು."

ಕಟ್ಲೆಹೋ ಹೆಬ್ಬೆರಳನ್ನು ಮಡಚಿಕೊಂಡ.

"ಒಳ್ಳೆ ಬೆಲೆ ಬರಲಿ ಅಂತ ವಾರ್ನಿಷ್ ಬಳಿದದ್ದು ನೀನು. ತೊಟ್ಟಿಲನ್ನ ನೀನು ಸಾಗಿಸಿಲ್ಲ, ಅದು ನಿಜ. ಆದರೆ ಮಾರೋ ಮಾತು ಮುಗಿಸಿದ್ದೆ. ಯಾವತ್ತು ಬರ್ತಾರೆ ಕೊಳ್ಳೋರು?"

"ಇವತ್ತು" ಎಂದ ಅವನು.

ಪುಲೆಂಗ್ ಬ್ಯಾಗಿನ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಮೊಕೆಟೆಗೆ ಅನಿಸಿತು.

"ಯಾಕೋ?" ಎಂದಳು ನೋಲೋ. "ನಿಮ್ಮ ತಾತ ಮಾಡಿದ್ದು ಕಣೋ."

"ಏನಾದ್ರೂ ಒಂದು ಮುಗೀಬೇಕಿತ್ತು" ಎಂದ ಕಟ್ಲೆಹೋ. "ಅದು ಮುಗಿಯಲ್ಲ. ಸಾಲ ಆದ್ರೂ ಮುಗೀಲಿ ಅಂತ."

ಹೊರಗೆ ಗುಡುಗಿತು.

"ಮೂರನೇದು ಫೋನ್ ಮಾಡಿದವಳು" ಎಂದು ಕೆದಿಬೋನೆ ಅಮ್ಮ ಮೆಲ್ಲಗೆ ಮುಂದುವರಿಸಿದರು. "ಕೀ ಎಲ್ಲಿದೆ ಅಂತ ಗೊತ್ತಿದ್ದವಳು. ವಾರ್ನಿಷ್ ವಾಸನೆ ಬಂದ ಕೂಡಲೇ ಮಗ ಏನು ಮಾಡ್ತಾನೆ ಅಂತ ಅರ್ಥ ಮಾಡ್ಕೊಂಡವಳು. ಪುಲಾ ಅನ್ನೋಕೆ ಬಾಯಿ ಬಾರದವಳು. ನಾವು ಸೊಸೆ ಅಂದ ಕೂಡಲೇ ಚಿಕ್ಕ ವಯಸ್ಸಿನವರನ್ನ ನೋಡ್ತೀವಿ. ಪುಲೆಯ ಸೊಸೆ ಇಲ್ಲೇ ಕೂತಿದ್ದಾಳಲ್ಲ, ತಲೆ ನರೆತಿದೆ ಅಷ್ಟೇ. ತೊಟ್ಟಿಲು ಎಲ್ಲಿದೆ ಮಖೋಟ್ಸೋ?"

ಮಖೋಟ್ಸೋ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. "ಚರ್ಚಿನ ಹಿಂದಿನ ಕೋಣೇಲಿ. ಗುರುವಾರ ಹೆಂಗಸರ ಪ್ರಾರ್ಥನೆಗೆ ಹೋದವಳು ಅಲ್ಲಿಂದಲೇ ಫೋನ್ ಮಾಡಿದೆ. ಮಾರಿದ ಮೇಲೆ ಇವನು ಅತ್ತರೆ ಎಲ್ಲಿಂದ ತರೋದು? ಇವಳಿಗೆ ಏನು ಹೇಳೋದು?"

"ಒಂದು ಮಾತು ಹೇಳಬಹುದಿತ್ತಲ್ಲಮ್ಮ" ಎಂದ ಕಟ್ಲೆಹೋ.

"ಯಾರಿಗೆ ಹೇಳ್ಲೋ? ನಿನಗೆ ಹೇಳೋದೂ ಆ ಗೋಡೆಗೆ ಹೇಳೋದೂ ಒಂದೇ. ಇವಳಿಗೆ ಹೇಳೋಣ ಅಂದ್ರೆ, ಕರೆಯೋಕೆ ನನಗಿರೋದು ಒಂದೇ ಹೆಸರು. ಅದನ್ನ ಕರೆದ್ರೆ ಎದ್ದು ಹೋಗ್ತಾಳೆ."

"ಇನ್ನೊಂದು ಹೆಸರು ಇದೆಯಲ್ಲ ಅತ್ತೆ" ಎಂದಳು ಪುಲೆಂಗ್. ಎಷ್ಟೋ ದಿನಗಳ ನಂತರ ಅತ್ತೆಗೆ ಅವಳು ಆಡಿದ ಮೊದಲ ಮಾತು ಅದು. ಹೇಳುತ್ತಿದ್ದಂತೆಯೇ ಅವಳ ದನಿ ನಿಂತಿತು.

ಪುಲೆಂಗ್. ಪುಲಾ. ಪುಲೆ. ಮೊಕೆಟೆ ಆಗ ಅವಳ ಮುಖ ನೋಡಿದ. ಅವನಿಗೂ ಆಗಲೇ ತಿಳಿದದ್ದು. ಸೊಸೆಯ ಹೆಸರಲ್ಲಿ ಮಾವನ ಹೆಸರಿತ್ತು. ಮುದುಕಿ ಹಟಕ್ಕೆ ಬಿದ್ದು ಗಾಯ ಕೆರೆಯುತ್ತಿದ್ದಾಳೆ ಎಂದು ಸಾಲಿನವರೆಲ್ಲ ಅಂದುಕೊಂಡಿದ್ದರೆ, ಆಕೆಗೆ ಆ ಇನ್ನೊಂದು ಹೆಸರು ಬಾಯಿಗೇ ಬರುವಂತಿರಲಿಲ್ಲ. ಹಾಗೆಂದು ವಿವರಿಸಬೇಕಾದರೂ ಅದೇ ಹೆಸರನ್ನು ಹೇಳಬೇಕಿತ್ತು.

"ಬೇಕಾದ್ರೆ ಈಗ ಹೇಳ್ತೀನಿ" ಎಂದರು ಮಖೋಟ್ಸೋ. "ಇಷ್ಟು ವರ್ಷ ಮಾವನ ಮರ್ಯಾದೆ ಕಾಪಾಡಿದೀನಿ. ಒಂದು ಸಲಕ್ಕೆ ಕ್ಷಮಿಸ್ತಾರೆ. ನೀನು ಬ್ಯಾಗು ಕೆಳಗಿಡು." ಆಕೆ ತುಟಿ ತೆರೆದರು.

"ಬೇಡ ಅತ್ತೆ."

"ನಿನಗೆ ನೋವಾಗುತ್ತಲ್ಲ, ಆ ಹೆಸರು."

"ಆಗುತ್ತೆ." ಪುಲೆಂಗ್ ಗೋಡೆಯ ಮೇಲಿನ ಚೌಕಗಳನ್ನು ನೋಡುತ್ತ ಹೇಳಿದಳು. "ಆದ್ರೆ ಈ ಮನೇಲಿ ಅವನ ಹೆಸರು ಹೇಳೋರು ನೀವೊಬ್ರೇ. ಅದೂ ನಿಂತ್ರೆ ಅವನು ಬಂದೇ ಇರಲಿಲ್ಲ ಅಂದ ಹಾಗಾಗುತ್ತೆ."

ಕೊಳ್ಳುವವರು ಬಂದಾಗ ನೋಲೋ ಗೇಟಿನಲ್ಲೇ ನಿಂತು ತೊಟ್ಟಿಲು ಮಾರಾಟಕ್ಕಿಲ್ಲ ಎಂದು ಕಳಿಸಿದಳು. ಚಿಕೊಂಡಿ ತನ್ನ ಕ್ರೇಟುಗಳನ್ನು ವಾಪಸ್ ಕೇಳಲಿಲ್ಲ. ತೊಟ್ಟಿಲು ತರಲು ಮೊಕೆಟೆ ಜೇಬಿನಲ್ಲಿ ತನ್ನ ಕಾರಿನ ಕೀ ಹುಡುಕುತ್ತಿದ್ದಾಗ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು.

"ಮೇಲಿನ ನೀರು ಬಂತು" ಎಂದರು ಮಖೋಟ್ಸೋ. "ಬಟ್ಟೆ ಹಿತ್ತಲಲ್ಲೇ ಇದೆ."

ಕಟ್ಲೆಹೋ ಕ್ರೇಟಿನಿಂದ ಎದ್ದ. ಹೆಂಡತಿಯ ಮುಂದೆ ಬಂದು ನಿಂತ. ಮಗನ ಹೆಸರು ಅವನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ.

"ಮಟೆಬೋಹೋ" ಎಂದ. "ಬಟ್ಟೆ ನೆನೀತಿದೆ. ಇಬ್ರೂ ಹೋಗಿ ತರೋಣ ಬಾ."

ಅವಳು ಬ್ಯಾಗನ್ನು ಗೋಡೆಗೆ ಒರಗಿಸಿಟ್ಟು ಅವನ ಹಿಂದೆ ಹಿತ್ತಲಿಗೆ ಹೋದಳು.