ಎರವಲು ಕುರ್ಚಿ

"ದೇವರಿಲ್ಲ!"

ಮರದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಾಗಿಲಿಗೆ ಬಂದು ನಿಂತವಳ ಕಿವಿಗೆ ಮೊದಲು ಬಿದ್ದದ್ದೇ ಈ ಮಾತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವನು ಹೇಳುತ್ತಲೇ ಇದ್ದ. "ಇದ್ದಿದ್ದರೆ, ಮಗನನ್ನ ಇನ್ನೊಂದೇ ಒಂದು ಸಲ ಹತ್ತಿರ ಕೂರಿಸ್ಕೋಬೇಕು ಅಂತ ಬೇಡಿದ ತಾಯಿಯ ಮುಂದೆ ಅವನು ಕಿವುಡನ ಹಾಗೆ ಸುಮ್ಮನೆ ಇರ್ತಿದ್ದನಾ? ಇಂಥ ದೇವರಿಗೆ ಕೈ ಮುಗಿಯೋದಕ್ಕಿಂತ..."

ದನಿ ಒಡೆಯಿತು. ಕಣ್ಣು ಒದ್ದೆಯಾಯಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು! ಹೊಸಬಳು, ತಡವಾಗಿ ಬೇರೆ ಬಂದಿದ್ದಾಳೆ, ಯಾರ ಪರಿಚಯವೂ ಇಲ್ಲ. ಅದ್ಯಾವುದೂ ನೆನಪಾಗಲಿಲ್ಲ.

"ಸಾಕು ನಿಲ್ಸ್ರೀ! ನಿಮ್ಮ ಸಂಕಟಕ್ಕೆ ದೇವರನ್ನ ಯಾಕೆ ಬೈತೀರಿ?"

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಬಸ್ ಕಂಡಕ್ಟರ್ ಒಬ್ಬರು ಕೂಗಿದರು. "ಬನ್ನಿ ಅಕ್ಕಾ, ಬಾಗಿಲಲ್ಲಿ ನಿಲ್ಬೇಡಿ, ಒಳಗಡೆ ಜಾಗ ಇದೆ!"

ಅದು ಗ್ರಂಥಾಲಯದ ಮಹಡಿಯ ಕೋಣೆ. ದುಡಿಯುವ ಜನಕ್ಕೆ ಅಲ್ಲಿ ಸಂಜೆ ಹೊತ್ತು ತತ್ವಶಾಸ್ತ್ರದ ಪಾಠ. ಪಾಠ ಹೇಳುವ ನಿವೃತ್ತ ಮೇಷ್ಟ್ರು ಕರಿಹಲಗೆಯನ್ನು ಅಂಗಿಯ ತೋಳಿನಲ್ಲೇ ಒರೆಸುತ್ತಾ ಅವಳ ಕಡೆ ತಿರುಗಿದರು.

"ಕೂತ್ಕೋ ತಾಯಿ. ಇಲ್ಲಿ ಎರಡು ಕುರ್ಚಿ ಇವೆ ನೋಡು. ಗೋಡೆ ಪಕ್ಕದ್ದು ಸ್ವಂತ ಕುರ್ಚಿ. ಅದರಲ್ಲಿ ಕೂತವರು ತಾವು ನಂಬಿದ್ದನ್ನ ಹೇಳ್ಬೇಕು. ಕಿಟಕಿ ಪಕ್ಕದ್ದು ಎರವಲು ಕುರ್ಚಿ. ಅಲ್ಲಿ ಕೂತವರು ತಾವು ನಂಬದೇ ಇರೋದನ್ನ, ನಂಬಿದವರಷ್ಟೇ ನ್ಯಾಯವಾಗಿ ವಾದಿಸ್ಬೇಕು. ಎದುರಾಳಿಯ ಮನಸ್ಸಿನೊಳಗೆ ಹೊಕ್ಕು ಬರದವನಿಗೆ ವಾದ ಮಾಡೋ ಹಕ್ಕಿಲ್ಲ."

ಕಿಟಕಿ ಪಕ್ಕದವನು ಎದ್ದು ನಿಂತು ಕೈ ಮುಗಿದ. "ಕ್ಷಮಿಸಿ ಮೇಡಂ. ನಾನು ದೇವರನ್ನ ನಂಬೋನೇ. ಬೆಳಿಗ್ಗೆ ಕೈ ಮುಗೀದೆ ಟೀ ಕೂಡ ಕುಡಿಯಲ್ಲ."

"ಹಾಗಾದ್ರೆ... ಆ ಕಣ್ಣೀರು?"

ಅವನು ತಲೆ ತಗ್ಗಿಸಿದ.

'ಕಣ್ಣೀರೂ ಎರವಲು ತರ್ತಾನಾ ಇವನು?'

ಆಗಲೇ ಅವಳಿಗೆ ಹೊಳೆದದ್ದು. ಈ ದನಿ ಎಲ್ಲೋ ಕೇಳಿದ್ದು! "ಅಮ್ಮನ ಕೈಯಷ್ಟೇ ಮೃದು" ಎಂದು ರೇಡಿಯೋದಲ್ಲಿ ದಿನಾ ಸೋಪು ಮಾರುವ ದನಿ! ಜಾಹೀರಾತುಗಳಿಗೆ ಧ್ವನಿ ಕೊಡುವುದೇ ಅವನ ಕಸುಬಂತೆ. ಕ್ಲಾಸಿನಲ್ಲಿ ಅವನ ಹೆಸರೇ ಸೋಪಿನವರು.

ಪ್ರಾಮಾಣಿಕತೆಯನ್ನೇ ಸಂಬಳಕ್ಕೆ ದುಡಿಸುವ ಗಂಟಲು! ಅವಳು ಅವನಿಂದ ಆದಷ್ಟೂ ದೂರದ ಬೆಂಚು ಹುಡುಕಿ ಕೂತಳು.

ಅವಳಿಗೆ ಅನುಮಾನ ಹುಟ್ಟುಗುಣವಾಗಿರಲಿಲ್ಲ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳದು. ಗಾಜಿನ ಪಟ್ಟಿಯ ಮೇಲಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಎಷ್ಟು ಎಚ್ಚರವೋ, ಮನುಷ್ಯರ ವಿಷಯದಲ್ಲಿ ಅಷ್ಟೇ ಹಸುವಿನಂಥ ಮನಸ್ಸಿನವಳಾಗಿದ್ದಳು. ಮದುವೆ ಗೊತ್ತಾಗಿದ್ದವನು "ದೇವರಾಣೆಗೂ ನನ್ನ ಬಾಳಲ್ಲಿ ಬೇರೆ ಯಾರೂ ಇಲ್ಲ" ಎಂದಾಗ ನಂಬಿದ್ದಳು. ಬೇರೆ ಊರಿನಲ್ಲಿ ಅವನಿಗೆ ಹೆಂಡತಿಯಿದ್ದಳು! ಮದುವೆ ಮುರಿದದ್ದಕ್ಕಿಂತ, ಅವನು ಆ ಸುಳ್ಳಿಗೆ ದೇವರನ್ನು ಸಾಕ್ಷಿ ಮಾಡಿಕೊಂಡದ್ದೇ ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಇನ್ನೊಂದು ಸಲ ಮೋಸ ಹೋಗಬಾರದು... ಅದಕ್ಕೇ ತರ್ಕ ಕಲಿಯಲು ಬಂದಿದ್ದಳು. ಯಾರು ಏನೇ ಹೇಳಲಿ, "ಪುರಾವೆ ಎಲ್ಲಿ?" ಎನ್ನುವಳು. ಕಂಡಕ್ಟರ್ ಬಾಯಲ್ಲಿ ಪುರಾವೆ ಅಕ್ಕ ಆದಳು. ಮೇಷ್ಟ್ರು ಎಷ್ಟು ಕರೆದರೂ ಎರವಲು ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. "ನಾಟಕಕ್ಕೂ ನನ್ನ ಬಾಯಲ್ಲಿ ಸುಳ್ಳು ಬೇಡ ಮೇಷ್ಟ್ರೇ."

ದಿನಗಳು ಹೋದವು. ಮನುಷ್ಯರ ಮನಸ್ಸು ನೋಡಿ, ಬೇಲಿ ಹಾಕಿದಷ್ಟೂ ಅದು ಅತ್ತಲೇ ಇಣುಕುತ್ತದೆ.

ದೇವರ ಇರವಿನ ವಾದಗಳು ಶುರುವಾದ ದಿನ ನಗುವೋ ನಗು. ಮೇಷ್ಟ್ರು ಹೇಳಿದರು, "ಯಾವ ಕೊರತೆಯೂ ಇಲ್ಲದ ಒಂದು ವಸ್ತುವನ್ನ ಮನಸ್ಸಿಗೆ ತಂದ್ಕೊಳ್ಳಿ. ಇಲ್ಲದೇ ಇರೋದೂ ಒಂದು ಕೊರತೆ ತಾನೇ? ಆದ್ದರಿಂದ ಅದು ಇರಲೇಬೇಕು. ಹೀಗಂತ ಒಂದು ವಾದ."

"ಕೊರತೆಯೇ ಇಲ್ಲದ ಹೆಂಡತೀನ ನಾನು ಮನಸ್ಸಿಗೆ ತಂದ್ಕೊಳ್ತಾನೇ ಇದ್ದೀನಿ ಮೇಷ್ಟ್ರೇ," ಎಂದರು ಕಂಡಕ್ಟರ್. "ಇನ್ನೂ ಯಾವ ಸ್ಟಾಪಲ್ಲೂ ಹತ್ತಿಲ್ಲ!"

ಮೊಮ್ಮಗನ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಬಂದಿದ್ದ ಅಜ್ಜಿಗೆ ಬೇರೆಯೇ ಚಿಂತೆ. "ಎಲ್ಲಕ್ಕೂ ಒಂದು ಕಾರಣ ಇರ್ಬೇಕು, ಮೊದಲ ಕಾರಣವೇ ದೇವರು ಅಂದ್ರಿ. ದೇವರಿಗೆ ಕಾರಣ ಏನಜ್ಜಿ ಅಂತ ಆ ತುಂಟ ಕೇಳ್ತಾನಪ್ಪ!"

ಆಗ ಸೋಪಿನವನು ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಿತು. "ಕೇಳಲಿ ಬಿಡಿ ಅಜ್ಜಿ. ದೇವರು ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ಪ್ರಶ್ನೆ ಕೇಳೋರು ಎದ್ದು ಹೋಗ್ಬಿಟ್ರೆ ಮಾತ್ರ ಅವನಿಗೆ ಬೇಜಾರು."

ಅಂದು ಸಂಜೆ ಬಸ್ ಸ್ಟಾಪಿನವರೆಗೆ ಅವನು ಜೊತೆಗೆ ಬಂದ. ಅವಳು ಬೇಡ ಎನ್ನಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ತರ್ಕದ ಪಾಠದಲ್ಲಿ ಮೇಷ್ಟ್ರು ಅವಳನ್ನೇ ಕೇಳಿದ್ದರು. "ಮಲೇರಿಯಾ ಇದ್ರೆ ಜ್ವರ ಬರುತ್ತೆ. ಇವನಿಗೆ ಜ್ವರ ಬಂದಿದೆ. ಆದ್ದರಿಂದ ಮಲೇರಿಯಾ. ಸರೀನಾ?"

"ಖಂಡಿತ ಅಲ್ಲ! ಜ್ವರಕ್ಕೆ ನೂರು ಕಾರಣ. ರಕ್ತ ನೋಡ್ದೆ ಹೇಳಕ್ಕಾಗಲ್ಲ."

ಈಗ ಅದೇ ಪಾಠ ತಿರುಗಿ ಅವಳನ್ನೇ ಕಾಡತೊಡಗಿತು. 'ನನ್ನ ಮೇಲೆ ಮನಸ್ಸಿದ್ದರೆ ಬಸ್ ಸ್ಟಾಪಿನವರೆಗೂ ಬರ್ತಾರೆ. ಬರ್ತಿದ್ದಾರೆ. ಆದ್ದರಿಂದ... ಛೇ! ಬರೀ ಜ್ವರ ನೋಡಿ ತೀರ್ಮಾನ ಮಾಡಬಾರದು!'

ಹಾಗೆ ಅಂದುಕೊಂಡೂ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು.

"ಏನೇ, ತತ್ವಶಾಸ್ತ್ರಕ್ಕೆ ಇಷ್ಟೊಂದು ತಲೆ ಬಾಚ್ಕೋಬೇಕಾ?" ಎಂದು ಮನೆಯಲ್ಲಿ ಅವಳ ಅಕ್ಕ ಕಾಲೆಳೆದಳು.

"ಸುಮ್ನಿರೇ ಅಕ್ಕಾ!"

ಆದರೆ ಒಂದು ವಿಷಯ ಅವಳಿಗೆ ಸರಿಕಾಣುತ್ತಿರಲಿಲ್ಲ. ಪಾಠದ ನಡುವೆ ಅವನು ಪದೇ ಪದೇ ಗಡಿಯಾರ ನೋಡುವನು. ಸದ್ದಿಲ್ಲದೆ ಎದ್ದು, ಹಿಂದಿನ ವರಾಂಡಕ್ಕೆ ಹೋಗಿ ಫೋನು ಹಚ್ಚುವನು. ಕೇಳಿದರೆ "ಸ್ಟುಡಿಯೋದವರು" ಎನ್ನುವನು. ಹೇಳುವಾಗ ಅವಳ ಕಣ್ಣು ತಪ್ಪಿಸುವನು.

ಒಂದು ದಿನ ನೀರು ಕುಡಿಯುವ ನೆಪದಲ್ಲಿ ಅವಳೂ ಎದ್ದಳು. ಕಂಬದ ಮರೆಯಲ್ಲಿ ನಿಂತಳು. ಕದ್ದು ಕೇಳುವುದು ತಪ್ಪು ಎಂದು ನೀತಿಶಾಸ್ತ್ರದ ಪಾಠ ಬೇಕೇ? ಆದರೂ ನಿಂತಳು...

"ಏನಮ್ಮಾ, ಮಧ್ಯಾಹ್ನ ಊಟ ಮಾಡಿದ್ಯಾ? ಮಾತ್ರೆ? ನಾನು ಚೆನ್ನಾಗಿದ್ದೀನಮ್ಮಾ. ರಜ ಸಿಕ್ಕಿದ ತಕ್ಷಣ ಬಂದ್ಬಿಡ್ತೀನಿ. ನಿನ್ನಾಣೆ!"

ಯಾವ ಅಮ್ಮ?

ಅವನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು! ಹಾಗೆಂದು ಅವನೇ ಹೇಳಿದ್ದ... ಅದೂ ಸ್ವಂತ ಕುರ್ಚಿಯಲ್ಲಿ ಕೂತು!

ಅದಕ್ಕಿಂತ ಭಯ ಹುಟ್ಟಿಸಿದ್ದು ಇನ್ನೊಂದು. ಆ ದನಿ ಅವನದಾಗಿರಲಿಲ್ಲ! ತುಸು ಒರಟು, ತುಸು ಅವಸರ, ಯಾರೋ ಬೇರೆ ಗಂಡಸಿನ ದನಿ.

'ಒಂದೇ ಬಾಯಲ್ಲಿ ಎಷ್ಟು ಜನ ಇದ್ದಾರೆ? ಇವರಲ್ಲಿ ನನ್ನ ಜೊತೆ ಬಸ್ ಸ್ಟಾಪಿಗೆ ಬರೋನು ಯಾರು?'

ಮುಂದಿನ ಪಾಠದ ದಿನ ಚರ್ಚೆಯ ವಿಷಯ "ಕರುಣೆಯಿಂದ ಸುಳ್ಳು ಹೇಳಬಹುದೇ?" ಸೋಪಿನವನು ಸ್ವಂತ ಕುರ್ಚಿಯಲ್ಲಿ ಕೂತ. ಬಾಯಿ ತೆರೆಯುವ ಮೊದಲೇ ಅವಳು ಎದ್ದಳು.

"ಮೊದಲು ನನ್ನದೊಂದು ಪ್ರಶ್ನೆ ಇದೆ. ನಿಮ್ಮ ತಾಯಿ ಇಲ್ಲ ಅಂದ್ರಿ. ಮೊನ್ನೆ ವರಾಂಡದಲ್ಲಿ ಅಮ್ಮಾ ಅಂತ ಆಣೆ ಇಟ್ಟು ಮಾತಾಡಿದ್ದು ಯಾರ ಹತ್ರ? ಒಂದು ನಿಜವಾದ್ರೆ ಇನ್ನೊಂದು ಸುಳ್ಳು. ಯಾವುದ್ರೀ ಸುಳ್ಳು?"

ಅವನ ಮುಖ ಬಿಳುಚಿತು.

"ಎರಡೂ ನಿಜ," ಎಂದ ಕಷ್ಟಪಟ್ಟು. "ಇದಕ್ಕಿಂತ ಹೆಚ್ಚು ಹೇಳಕ್ಕಾಗಲ್ಲ. ಮಾತು ಕೊಟ್ಟಿದ್ದೀನಿ."

"ಮಾತು! ನಿಮ್ಮ ಮಾತು ಸೋಪಿನ ನೊರೆ. ಕೈಗೆ ಸಿಗೋಷ್ಟರಲ್ಲಿ ಒಡೆದುಹೋಗುತ್ತೆ!"

ಯಾರೂ ನಗಲಿಲ್ಲ. ಅವನು ಎದ್ದು ಮೆಟ್ಟಿಲಿಳಿದು ಹೋದ. ಮುಂದಿನ ಪಾಠಕ್ಕೆ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಗೆದ್ದವಳಿಗೆ ರಾತ್ರಿ ಊಟ ಸೇರಲಿಲ್ಲ.

ಪಾಠ ಮುಗಿದ ಮೇಲೆ ಒಬ್ಬಳೇ ಕೂತಿದ್ದವಳ ಹತ್ತಿರ ಮೇಷ್ಟ್ರು ಬಂದರು.

"ಲ್ಯಾಬಲ್ಲಿ ಅನುಮಾನದ ಫಲಿತಾಂಶ ಬಂದ್ರೆ ಏನ್ಮಾಡ್ತೀಯಮ್ಮಾ?"

"ಇನ್ನೊಂದು ಸಲ ಪರೀಕ್ಷೆ ಮಾಡ್ತೀವಿ ಮೇಷ್ಟ್ರೇ. ಹೊಸ ಹನಿ ತಗೊಂಡು..."

ಮಾತು ಅಲ್ಲೇ ನಿಂತಿತು. ಯಾರೋ ಅಪರಿಚಿತರ ರಕ್ತದ ಹನಿಗೆ ತೋರುವ ನ್ಯಾಯವನ್ನು ಅವಳು ಅವನಿಗೆ ತೋರಿರಲಿಲ್ಲ! ಜ್ವರ ನೋಡಿದ್ದಳು, ರೋಗದ ಹೆಸರು ಬರೆದುಬಿಟ್ಟಿದ್ದಳು.

"ಇನ್ನೊಂದು ವಿಷಯ," ಎಂದರು ಮೇಷ್ಟ್ರು. "ಎರಡು ಮಾತು ಒಂದಕ್ಕೊಂದು ಹೊಡೆದಾಡೋ ಹಾಗೆ ಕಂಡ್ರೆ, ಎರಡೂ ಒಬ್ಬರ ವಿಷಯವೇನಾ ಅಂತ ಮೊದಲು ನೋಡ್ಬೇಕು."

ಮಾರನೆಯ ಸಂಜೆ ಅವಳು ನೇರವಾಗಿ ಹಿಂದಿನ ವರಾಂಡಕ್ಕೇ ಹೋದಳು. ಪಾಠಕ್ಕೆ ಬರದಿದ್ದರೂ, ಫೋನು ಮಾಡಲು ಸದ್ದಿಲ್ಲದ ಆ ಜಾಗಕ್ಕೆ ಬರುವುದನ್ನು ಅವನು ಬಿಟ್ಟಿರಲಿಲ್ಲ. ಫೋನು ಕೈಯಲ್ಲಿತ್ತು, ಮಾತು ಮುಗಿದಿತ್ತು.

ಈ ಸಲ ಅವಳು ಕಂಬದ ಮರೆಯಲ್ಲಿ ನಿಲ್ಲಲಿಲ್ಲ. ಎದುರಿಗೇ ನಿಂತಳು.

"ಆ ಅಮ್ಮ... ನಿಮ್ಮ ಅಮ್ಮ ಅಲ್ಲ. ಅಲ್ವಾ?"

ಅವನು ಫೋನನ್ನು ಜೇಬಿಗಿಟ್ಟು ಕಟ್ಟೆಯ ಮೇಲೆ ಕುಸಿದು ಕೂತ.

"ನನ್ನ ಗೆಳೆಯನ ಅಮ್ಮ. ಸ್ಟುಡಿಯೋದಲ್ಲಿ ಇಬ್ಬರೂ ಒಂದೇ ಮೈಕಿನ ಮುಂದೆ ನಿಲ್ತಿದ್ವಿ. ರಸ್ತೆ ಅಪಘಾತದಲ್ಲಿ ಅವನು... ಅಮ್ಮನಿಗೆ ಕಣ್ಣು ಕಾಣ್ಸಲ್ಲ, ಹೃದಯ ಬೇರೆ ದುರ್ಬಲ, ಸುದ್ದಿ ಹೇಳೋಕೆ ಯಾರಿಗೂ ಧೈರ್ಯ ಬರಲಿಲ್ಲ. ಅವನ ತಂಗಿ ಕೈ ಹಿಡ್ಕೊಂಡು ಅತ್ತಳು. 'ಅಣ್ಣನ ದನಿ ನಿಮಗೆ ಬರುತ್ತಲ್ಲಾ, ದಿನಕ್ಕೆ ಒಂದೇ ಒಂದು ಸಲ... ಯಾರಿಗೂ ಹೇಳ್ಬೇಡಿ' ಅಂದಳು. ಇವತ್ತು ಆ ಮಾತೂ ಮುರಿದೆ."

ಮೊದಲ ದಿನದ ಕಣ್ಣೀರು ಎಲ್ಲಿಂದ ಬಂದಿತ್ತೆಂದು ಅವಳಿಗೆ ಈಗ ಅರ್ಥವಾಯಿತು. ಎರವಲು ಕುರ್ಚಿಯಲ್ಲಿ ಅವನು ಸುರಿಸಿದ್ದು ಸ್ವಂತ ಕಣ್ಣೀರು.

"ನಾನು ಈ ಪಾಠಕ್ಕೆ ಬಂದಿದ್ದೇ ಇದಕ್ಕೆ. ಮಾಡ್ತಿರೋದು ಪುಣ್ಯವೋ ಪಾಪವೋ ತಿಳ್ಕೊಳ್ಳೋಕೆ. ಈಗ ಅಮ್ಮ ಹಟ ಹಿಡಿದಿದ್ದಾರೆ, ಬಂದು ಪಕ್ಕದಲ್ಲಿ ಕೂತ್ಕೋ ಅಂತ. ದನಿ ಎರವಲು ಕೊಡಬಹುದು... ಕೈ ಹೇಗೆ ಕೊಡಲಿ? ನೀವು ಸುಳ್ಳು ಹೇಳದವರು. ನೀವೇ ಹೇಳಿ, ಏನ್ಮಾಡ್ಲಿ?"

ಸುಳ್ಳನ್ನು ದ್ವೇಷಿಸುತ್ತಾ ಬಂದವಳು ತಡವರಿಸಿದಳು. ಮನಸ್ಸಿನಲ್ಲೇ ದೇವರನ್ನು ನೆನೆದಳು.

"ಸುಳ್ಳು ಸಾಕು, ನಿಜ ಹೇಳ್ಬಿಡಿ. ಆದ್ರೆ... ಒಬ್ಬರೇ ಹೋಗ್ಬೇಡಿ. ನಾನೂ ಬರ್ತೀನಿ."

ಭಾನುವಾರ ಮಧ್ಯಾಹ್ನ ಇಬ್ಬರೂ ಹೋದರು. ಸಣ್ಣ ಮನೆ, ಬಿಸಿಲು ಬೀಳುವ ಮಂಚ, ಮಂಚದ ಮೇಲೆ ಹತ್ತಿಯ ಹಾಗೆ ಹಗುರವಾಗಿದ್ದ ಮುದುಕಿ. ಬಾಗಿಲಲ್ಲಿ ತಂಗಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು... ಹೇಳಬೇಡಿ ಅಂತ.

ಅವನು ನೆಲದ ಮೇಲೆ ಮಂಡಿಯೂರಿ ಕೂತು ಆ ಕೈ ಹಿಡಿದ. ತನ್ನದೇ ದನಿಯಲ್ಲಿ ಶುರುಮಾಡಿದ.

"ಅಮ್ಮಾ... ನಾನು... ನಾನು ನಿಮ್ಮ..."

ಮುದುಕಿ ಅವನ ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ನೀನು ಅವನಲ್ಲ ಅಂತ ಗೊತ್ತು ಮಗನೇ."

"ಅಮ್ಮಾ!" ತಂಗಿ ಬಾಗಿಲಲ್ಲೇ ಕೂಗಿದಳು.

"ಮೊದಲನೇ ದಿನವೇ ಗೊತ್ತಾಯ್ತು ಕಣೇ. ನನ್ನ ಮಗ ಒಳ್ಳೆಯವನೇ... ಆದ್ರೆ ಹುಟ್ಟಿದಾಗಿನಿಂದ ಒಂದು ದಿನವೂ ನನ್ನನ್ನ ಊಟ ಮಾಡಿದ್ಯಾ ಅಂತ ಕೇಳ್ದೋನಲ್ಲ. ತನಗೆ ಏನು ಮಾಡಿದ್ದೀಯ ಅಂತ ಕೇಳೋನು! ಇದು ಬೇರೆ ಯಾರದೋ ಮಗ, ನನ್ನವನು ಇನ್ನಿಲ್ಲ ಅಂದ್ಕೊಂಡೆ. ಗೊತ್ತಾಯ್ತು ಅಂತ ಹೇಳಿದ್ರೆ ನಾಳೆ ಫೋನು ಬರುತ್ತೋ ಇಲ್ವೋ... ಅದಕ್ಕೇ ಸುಮ್ಮನಿದ್ದೆ. ನಿನ್ನ ಕೈ ಮುಟ್ಟಿ ನೋಡ್ಬೇಕು ಅನ್ನೋ ಆಸೆಗೇ ಬಾ ಬಾ ಅಂದಿದ್ದು."

ಅವನು ಆ ಕೈಯಲ್ಲಿ ಮುಖವಿಟ್ಟು ಬಿಕ್ಕಿದ.

"ದೇವರ ಹತ್ರ ಮಗನನ್ನ ವಾಪಸ್ ಕೇಳಿದೆ. ಕೊಡಲಿಲ್ಲ. ಆದ್ರೆ ಬರಿಗೈಲೂ ಕಳಿಸಲಿಲ್ಲ," ಎಂದಳು ಮುದುಕಿ, ಅವನ ತಲೆ ನೇವರಿಸುತ್ತಾ. ಆಮೇಲೆ ಕಾಣದ ಕಣ್ಣನ್ನು ಗೋಡೆಯ ಕಡೆ ತಿರುಗಿಸಿದಳು. "ಅಲ್ಲಿ ಉಸಿರು ಬಿಗಿಹಿಡ್ಕೊಂಡು ನಿಂತಿರೋಳು ಯಾರಪ್ಪ?"

"ನನ್ನನ್ನ... ನಂಬದೇ ಇರೋರು ಅಮ್ಮಾ."

"ಹೋಗೋ! ನಂಬದೇ ಇರೋಳು ನಿನಗೋಸ್ಕರ ಇಷ್ಟು ಹೆದರ್ತಾಳಾ?"

ಮುಂದಿನ ಪಾಠದ ಸಂಜೆ. ಸೋಪಿನವನು ಮರಳಿದ್ದ, ಹಿಂದಿನ ಬೆಂಚಿನ ಮೂಲೆಯಲ್ಲಿ. ಮೇಷ್ಟ್ರು ಸೀಮೆಸುಣ್ಣ ಹುಡುಕುತ್ತಿರುವಾಗ ಪುರಾವೆ ಅಕ್ಕ ಎದ್ದಳು. ಗೋಡೆಯ ಕುರ್ಚಿಯನ್ನು ದಾಟಿದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತಳು!

ಅಜ್ಜಿ ಕನ್ನಡಕ ಸರಿಮಾಡಿಕೊಂಡರು.

"ಅಲ್ಲಿ... ಹಿಂದೆ ಕೂತಿದ್ದಾರಲ್ಲ, ಅವರ ಮೇಲೆ ನನಗೆ ಚೂರೂ ನಂಬಿಕೆ ಇಲ್ಲ. ಅವರು ಪಾಠಕ್ಕೆ ಬರದ ದಿನಗಳಲ್ಲಿ ನಾನು ಬಾಗಿಲ ಕಡೆ ನೋಡ್ತಾ ಕೂತಿರಲಿಲ್ಲ. ಅವರು ಮದುವೆ ಆಗ್ತೀರಾ ಅಂತ ಕೇಳಿದ್ರೆ... ನಾನು ಒಪ್ಪೋದೇ ಇಲ್ಲ!"

ಎಲ್ಲರಿಗಿಂತ ಮೊದಲು ಕಂಡಕ್ಟರ್‌ಗೆ ತಿಳಿಯಿತು. ಪೀಪಿಯಿಲ್ಲದಿದ್ದರೂ ಬಾಯಲ್ಲೇ ಜೋರಾಗಿ ಸೀಟಿ ಊದಿದರು. "ರೈಟ್ ರೈಟ್!"

ಮೇಷ್ಟ್ರು ಮುಖ ಆಚೆ ತಿರುಗಿಸಿ, ಒರೆಸಿದ್ದ ಹಲಗೆಯನ್ನೇ ಮತ್ತೆ ತೋಳಿನಿಂದ ಒರೆಸತೊಡಗಿದರು.

ಪಾಠ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿನ ದಾರಿ ಹಿಡಿದರು. ಬೀದಿದೀಪಗಳು ಆಗಷ್ಟೇ ಹೊತ್ತಿಕೊಳ್ಳುತ್ತಿದ್ದವು.

"ಒಂದು ಸಲ ಸ್ವಂತ ಕುರ್ಚೀಲಿ ಕೂತು ಹೇಳ್ಬಾರದಾ?" ಎಂದ ಅವನು.

"ಬೀದೀಲಿ ಕುರ್ಚಿ ಎಲ್ಲಿಂದ ತರಲಿ?"

"ಹಾಗಾದ್ರೆ ನಾನು ಹೇಳ್ತೀನಿ. ನೀವಿಲ್ಲದೆ ನನಗಾಗಲ್ಲ. ಇದು ಸೋಪಿನ ದನಿಯಲ್ಲ, ಗೆಳೆಯನ ದನಿಯೂ ಅಲ್ಲ. ನನ್ನದು. ಪುರಾವೆ ಬೇಕಾ?"

ಅವಳು ನಿಂತಳು. ಅವನ ಮುಖವನ್ನೇ ನೋಡಿದಳು. ಕೆನ್ನೆ ಒಳಸೇರಿತ್ತು, ಕಣ್ಣಡಿ ಕಪ್ಪಾಗಿತ್ತು. ಇಷ್ಟು ದಿನ ಎಲ್ಲರನ್ನೂ ವಿಚಾರಿಸಿದವನನ್ನು ಯಾರೂ ವಿಚಾರಿಸಿದಂತಿರಲಿಲ್ಲ.

ಪುರಾವೆಯ ಮಾತು ಅವಳಿಗೆ ಮರೆತೇಹೋಯಿತು.

"ಮಧ್ಯಾಹ್ನ ಊಟ ಮಾಡಿದ್ರಾ?"

ಅವನು ಉತ್ತರಿಸಲು ಬಾಯಿ ತೆರೆದ. ಊರಿಗೆಲ್ಲ ದನಿ ಹಂಚುವ ಅವನ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಇಲ್ಲ ಎಂದು ತಲೆಯಾಡಿಸಿದ, ಅಷ್ಟೇ.

"ನಡೀರಿ ಮತ್ತೆ," ಎಂದು ಅವಳು ಅವನ ಕೈ ಹಿಡಿದಳು.